ಕಣ್ಣು ಕೊನೆಗೆ: ಪುಟ್ಟ ಮಕ್ಕಳಿಗೆ ಪಂಚೇಂದ್ರಿಯಗಳನ್ನು ಕೈಯಾರೆ ಕಲಿಸುವ ಕ್ರಮ

"ಕಣ್ಣಿನಿಂದ ನೋಡುತ್ತೇವೆ, ಕಿವಿಯಿಂದ ಕೇಳುತ್ತೇವೆ, ಮೂಗಿನಿಂದ ಮೂಸುತ್ತೇವೆ" ಎಂದು ನಾಲ್ಕು ವರ್ಷದ ಮಗು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಅದೇ ಮಗುವಿನ ಕೈಗೆ ಮುಚ್ಚಿದ ಡಬ್ಬಿಯೊಂದನ್ನು ಕೊಟ್ಟು "ತೆರೆಯದೆ ಒಳಗೇನಿದೆ ಹೇಳು" ಎಂದರೆ ನಮ್ಮ ಮುಖವನ್ನೇ ನೋಡುತ್ತದೆ. ಡಬ್ಬಿಯನ್ನು ಅಲ್ಲಾಡಿಸುವುದಿಲ್ಲ, ಮೂಸುವುದಿಲ್ಲ, ಅಂಗೈಯಲ್ಲಿ ತೂಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರು, ಎಲ್‌ಕೆಜಿ ಶಿಕ್ಷಕಿಯರು, ಮನೆಯಲ್ಲೇ ಕಲಿಸಲು ಹೊರಟ ಅಮ್ಮಂದಿರು, ಎಲ್ಲರ ದೂರೂ ಒಂದೇ: ಬಾಯಿಪಾಠ ಬರುತ್ತದೆ, ಬಳಸಲು ಬರುವುದಿಲ್ಲ.

ಎಡವುವುದು ಎರಡು ಕಡೆ. ಗೋಡೆಯ ಚಿತ್ರಪಟದಿಂದ ಪಾಠ ಶುರುವಾಗುತ್ತದೆ, ಹೀಗಾಗಿ ಅನುಭವಕ್ಕೆ ಮೊದಲೇ ಮಾತು ಬಂದು ಕೂರುತ್ತದೆ. ಚಿತ್ರಪಟದಲ್ಲಿ ಮೊದಲಿರುವುದು ಕಣ್ಣು, ಆದ್ದರಿಂದ ಪಾಠವೂ ಕಣ್ಣಿನಿಂದಲೇ ಶುರು. ಕಣ್ಣು ತೆರೆದಿರುವಷ್ಟು ಹೊತ್ತು ಉಳಿದ ನಾಲ್ಕಕ್ಕೆ ಕೆಲಸವೇ ಇರುವುದಿಲ್ಲ. ಎದುರಿಗೆ ಕಿತ್ತಳೆ ಹಣ್ಣು ಕಂಡ ಮೇಲೆ ಅದನ್ನು ಮೂಸಿ ತಿಳಿಯುವ ಗರಜು ಯಾವ ಮಗುವಿಗಿದೆ? ಹಾಗಾಗಿ ಇಲ್ಲಿನ ಕ್ರಮ ತಲೆಕೆಳಗು: ಚರ್ಮ, ಕಿವಿ, ಮೂಗು, ನಾಲಿಗೆ, ಕಟ್ಟಕಡೆಗೆ ಕಣ್ಣು. ಚಿತ್ರಪಟ ಅದಕ್ಕೂ ಆಮೇಲೆ.

ಹಂತ 1: ಹೊತ್ತು, ಗುಂಪು, ಸಾಮಾನು

ಇದು 3ರಿಂದ 6 ವರ್ಷದ ಮಕ್ಕಳಿಗೆ. ವಾರಕ್ಕೆ ಒಂದೇ ಇಂದ್ರಿಯ. ಒಂದೇ ದಿನ ಐದನ್ನೂ ಮುಗಿಸುವ "ಪಂಚೇಂದ್ರಿಯ ದಿನಾಚರಣೆ" ಫೋಟೊಗೆ ಚೆನ್ನ, ಕಲಿಕೆಗೆ ಅಲ್ಲ. ಮೂರು ವರ್ಷದವರಿಗೆ 10 ನಿಮಿಷ, ಐದು ದಾಟಿದವರಿಗೆ 20 ನಿಮಿಷ ಸಾಕು. ಗುಂಪಿನಲ್ಲಿ 5 ಅಥವಾ 6 ಮಕ್ಕಳಿರಲಿ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಹದಿನಾಲ್ಕು ಮಕ್ಕಳು ಸರದಿ ಕಾಯುವುದನ್ನು ಮಾತ್ರ ಕಲಿಯುತ್ತಾರೆ.

ನಮ್ಮ ಕೊಡಗಿನಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಮಕ್ಕಳ ಮೂಗು ಕಟ್ಟಿರುತ್ತದೆ, ಆಗ ವಾಸನೆಯ ಪಾಠ ವ್ಯರ್ಥ, ರುಚಿಯ ಪಾಠವೂ ವ್ಯರ್ಥ. ಮಳೆಗಾಲದಲ್ಲಿ ಚರ್ಮ ಮತ್ತು ಕಿವಿಯನ್ನು ಮುಗಿಸಿಕೊಳ್ಳಿ. ಮಳೆ ಇಳಿದ ಮೇಲೆ ಮೂಗು, ನಾಲಿಗೆ. ಈ ಎರಡರ ಕ್ರಮವನ್ನು ಮಾತ್ರ ಎಂದೂ ಅದಲುಬದಲು ಮಾಡಬೇಡಿ, ಕಾರಣ ಹಂತ 6ರಲ್ಲಿದೆ.

ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ: ಬಾಯಿಗೆ ದಾರವಿರುವ ದಪ್ಪ ಬಟ್ಟೆಯ ಚೀಲ, ಒಂದೇ ಅಳತೆಯ ಹತ್ತು ಸಣ್ಣ ಸ್ಟೀಲ್ ಡಬ್ಬಿಗಳು, ತೆಳು ಮಲ್ ಬಟ್ಟೆ, ರಬ್ಬರ್ ಬ್ಯಾಂಡ್, ಮೂರು ಬೇಸಿನ್, ಮಗುವಿಗೊಂದರಂತೆ ಚಮಚ, ಅಡ್ಡ ಹಿಡಿಯಲು ಹಳೆಯ ಪಂಚೆ, ಬಾಳೆಲೆ.

ಬೇಡದ ಸಾಮಾನಿನ ಪಟ್ಟಿ ಇನ್ನೂ ಮುಖ್ಯ. ಖಾಲಿಯಾದ ಔಷಧದ ಬಾಟಲಿಗಳನ್ನು ತರಲೇಬೇಡಿ. ಅವುಗಳನ್ನು ಮೂಸುವುದು, ನೆಕ್ಕುವುದು ಆಟ ಎಂದು ಮಗು ಒಮ್ಮೆ ಕಲಿತರೆ ಮನೆಯ ಔಷಧದ ಕಪಾಟು ಅಪಾಯದ ಜಾಗವಾಗುತ್ತದೆ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಬೇಡ, ಅಗಿದು ನುಂಗಿದರೆ ಅದು ಪ್ರಾಣಕ್ಕೇ ಎರವಾಗುವ ವಿಷ. ಸದ್ದು ಮಾಡುವ, ಮಿನುಗುವ ಅಗ್ಗದ ಆಟಿಕೆಗಳಲ್ಲಿರುವ ಬಿಲ್ಲೆಯಂಥ ಬ್ಯಾಟರಿಯನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಅಂಥವೂ ಬೇಡ.

ಹಂತ 2: "ನೋಡು" ಎಂಬ ಮಾತನ್ನು ಸರಿಪಡಿಸಿಕೊಳ್ಳಿ

ಇದು ನನಗೆ ಬಹಳ ತಡವಾಗಿ ಹೊಳೆದದ್ದು. ಕಣ್ಣು ಮುಚ್ಚಿ ಕೂತಿದ್ದ ಹುಡುಗಿಗೆ ನಾನೇ "ಮುಟ್ಟಿ ನೋಡು" ಎಂದೆ. ಅವಳು ಫಕ್ಕನೆ ಕಣ್ಣು ತೆರೆದಳು. "ಕಣ್ಣು ಬಿಡಬಾರದು ಅಂದಿದ್ದೆನಲ್ಲ" ಎಂದು ಸಿಡುಕಿದೆ. "ಟೀಚರೇ, ನೀವೇ ನೋಡು ಅಂದಿರಿ" ಎಂದಳು. ತಪ್ಪು ನನ್ನದೇ.

ಕನ್ನಡದಲ್ಲಿ ನಾವು ಎಲ್ಲವನ್ನೂ "ನೋಡುತ್ತೇವೆ": ಮುಟ್ಟಿ ನೋಡು, ಮೂಸಿ ನೋಡು, ತಿಂದು ನೋಡು, ಕೇಳಿ ನೋಡು. ದೊಡ್ಡವರಿಗೆ ಅದರ ಅರ್ಥ "ಪರೀಕ್ಷಿಸು" ಎಂದು ಗೊತ್ತು. ಮೂರು ವರ್ಷದ ಮಗುವಿಗೆ ನೋಡುವುದೆಂದರೆ ಕಣ್ಣು ಬಿಡುವುದು. ಆದ್ದರಿಂದ ಮೊದಲ ನಾಲ್ಕು ವಾರ ಈ ಮಾತಿಗೆ ರಜೆ ಕೊಡಿ. "ಮುಟ್ಟು", "ಸವರು", "ಮೂಸು", "ಕಿವಿಗೊಡು", "ನೆಕ್ಕು" ಎಂದಷ್ಟೇ ಹೇಳಿ. ಮೊದಮೊದಲು ನಾಲಿಗೆ ತಡವರಿಸುತ್ತದೆ. ಕಣ್ಣಿನ ವಾರದಲ್ಲಿ "ನೋಡು" ಮರಳಿ ಬರಲಿ, ಆಗ ಅದಕ್ಕೊಂದು ತೂಕ ಇರುತ್ತದೆ.

ಇನ್ನೊಂದು ತೊಡಕು ಮನೆಮಾತಿನದು. ಒಂದೇ ಚಾಪೆಯ ಮೇಲೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು, ಯರವ ಮಾತನಾಡುವ ಮಕ್ಕಳು ಕೂತಿರುತ್ತಾರೆ. ಮಗು ಕಾಚಂಪುಳಿಯನ್ನು (ಕೊಡಗಿನ ಅಡುಗೆಯ ಹುಳಿರಸ) ನೆಕ್ಕಿ "ಪುಳಿ" ಎಂದರೆ ಅದು ಸರಿಯುತ್ತರ. "ಹೂಂ, ಪುಳಿ. ಕನ್ನಡದಲ್ಲಿ ಹುಳಿ" ಎಂದು ಪಕ್ಕದಲ್ಲಿಡಿ, ತಿದ್ದಲು ಹೋಗಬೇಡಿ. ತಿದ್ದಿಸಿಕೊಂಡ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಅದಕ್ಕೆ ತಿಳಿಯಲಿಲ್ಲವೆಂದು ನಾವು ಬರೆದುಕೊಳ್ಳುತ್ತೇವೆ.

ಹಂತ 3: ಚರ್ಮ

ಗುಟ್ಟಿನ ಚೀಲದಿಂದ ಶುರು ಮಾಡಿ. ಚೀಲದೊಳಗೆ ಮೊದಲ ದಿನ ಮೂರೇ ವಸ್ತು, ಒಂದಕ್ಕೊಂದು ಸಂಬಂಧವೇ ಇಲ್ಲದಂಥವು: ಹೊಳೆಯ ನುಣುಪು ಕಲ್ಲು, ಒಣಗಿದ ಹೀರೆಕಾಯಿ ನಾರು, ಉಣ್ಣೆಯ ಚೂರು. ಅವೇ ಮೂರರ ಜೋಡಿಗಳನ್ನು ಹೊರಗೆ ತಟ್ಟೆಯಲ್ಲಿಡಿ. ಮಗು ತಟ್ಟೆಯಲ್ಲಿರುವ ಒಂದನ್ನು ಸವರಿ, ಅದರ ಜೋಡಿಯನ್ನು ಚೀಲದೊಳಗೆ ಕೈಯಿಂದಲೇ ಹುಡುಕಿ ತೆಗೆಯಬೇಕು. ಹೆಸರು ಹೇಳಬೇಕಿಲ್ಲ. ಬಹುಪಾಲು ಜನ ಇಲ್ಲೇ ಆತುರಪಟ್ಟು "ಇದೇನು, ಇದೇನು" ಎಂದು ಕೇಳುತ್ತಾರೆ. ಜೋಡಿ ಕೂಡಿಸುವುದು ಮೊದಲು, ಹೆಸರು ಎರಡನೇ ದಿನ.

ಮೂರನೇ ದಿನ ಹತ್ತಿರಹತ್ತಿರದ ವಸ್ತುಗಳನ್ನು ಹಾಕಿ: ಅಡಿಕೆ ಹಾಳೆಯ ತುಂಡು, ಬಾಳೆಲೆ, ಹಲಸಿನ ಎಲೆ. ಮೂರೂ ಚಪ್ಪಟೆ, ಮೂರೂ ಗಿಡದ್ದೇ. ಈಗ ಬೆರಳು ನಿಜವಾಗಿ ದುಡಿಯುತ್ತದೆ. ಮಾತುಗಳೂ ಈಗ ಬರಲಿ: ನುಣುಪು, ಒರಟು, ತರಿತರಿ, ಅಂಟುಅಂಟು, ಮೆತ್ತಗೆ, ಬಿರುಸು. "ಚೆನ್ನಾಗಿದೆ" ಎಂಬ ಉತ್ತರ ಬಂದರೆ ಬಿಡಬೇಡಿ. "ಯಾವುದರ ಹಾಗಿದೆ?" ಎಂದು ಕೇಳಿ. ಹಾಳೆಯ ತುಂಡನ್ನು ಸವರಿ "ಅಜ್ಜನ ಗಡ್ಡದ ಹಾಗೆ" ಎಂದ ಮಗುವಿಗೆ "ಒರಟು" ಎಂಬ ಪದವನ್ನು ಮತ್ತೆ ಕಲಿಸಬೇಕಾಗಲಿಲ್ಲ.

ಎರಡನೆಯ ಚಟುವಟಿಕೆ ಮೂರು ಬೇಸಿನ್‌ಗಳದು. ಎಡಕ್ಕೆ ತಣ್ಣೀರು, ಬಲಕ್ಕೆ ಬೆಚ್ಚಗಿನ ನೀರು, ನಡುವೆ ಸಾಧಾರಣ ನೀರು. ಒಂದು ಕೈ ಎಡಕ್ಕೆ, ಇನ್ನೊಂದು ಬಲಕ್ಕೆ, ಮೂವತ್ತು ಎಣಿಸುವವರೆಗೆ. ಆಮೇಲೆ ಎರಡೂ ಕೈ ನಡುವಿನ ಬೇಸಿನ್‌ಗೆ. ಒಂದೇ ನೀರು ಒಂದು ಕೈಗೆ ಬೆಚ್ಚಗೆ, ಇನ್ನೊಂದಕ್ಕೆ ತಣ್ಣಗೆ. ಚರ್ಮ ಹೇಳುವುದು ಮೊದಲಿಗಿಂತ ಎಷ್ಟು ವ್ಯತ್ಯಾಸವಾಯಿತು ಎಂಬುದನ್ನು, ಥರ್ಮಾಮೀಟರಿನಂತೆ ಇಷ್ಟೇ ಡಿಗ್ರಿ ಎಂದಲ್ಲ. ಇದನ್ನು ಮಕ್ಕಳಿಗೆ ವಿವರಿಸುವುದು ಬೇಡ, ಅವರ ಮುಖವೇ ವಿವರಣೆ. ಬೆಚ್ಚಗಿನ ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನಿಮ್ಮ ಮೊಣಕೈ ಅದ್ದಿ ಪರೀಕ್ಷಿಸಿ, ಅಂಗೈಯಲ್ಲಲ್ಲ. ದಿನವೂ ಒಲೆಯ ಮುಂದೆ ಪಳಗಿದ ಅಂಗೈ ಬಿಸಿಯನ್ನು ಕಡಿಮೆ ಲೆಕ್ಕ ಹಾಕುತ್ತದೆ.

ಐದು ದಾಟಿದವರಿಗೆ ಒಂದು ಹೆಚ್ಚಿನ ಆಟ. ಮೊಂಡಾದ ಎರಡು ಕಡ್ಡಿಗಳನ್ನು ಸ್ವಲ್ಪ ಅಂತರದಲ್ಲಿ ಹಿಡಿದು ಬೆರಳ ತುದಿಗೆ ತಾಗಿಸಿ, "ಒಂದೋ ಎರಡೋ" ಕೇಳಿ. ಆಮೇಲೆ ಬೆನ್ನಿಗೆ. ದೊಡ್ಡವರಲ್ಲೂ ಬೆರಳ ತುದಿ ಎರಡು ಮೂರು ಮಿಲಿಮೀಟರ್ ಅಂತರವನ್ನು ಗುರುತಿಸುತ್ತದೆ, ಬೆನ್ನಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಬೇಕು.

ಸಾಮಾನ್ಯ ತಪ್ಪು: ಕಣ್ಣಿಗೆ ಬಿಗಿಯಾಗಿ ಬಟ್ಟೆ ಕಟ್ಟುವುದು. ಮೂರು ವರ್ಷದ ಮಗುವಿಗೆ ಅದು ಆಟವಲ್ಲ, ಭಯ. ಒಮ್ಮೆ ಅತ್ತ ಮಗು ಆ ವಾರವಿಡೀ ಚಾಪೆಯ ಹತ್ತಿರ ಸುಳಿಯುವುದಿಲ್ಲ. ಚೀಲ ಬಳಸಿ, ಇಲ್ಲವೇ ಪಂಚೆಯನ್ನು ಮಗುವಿನ ಕೈಗಳ ಮೇಲೆ ಅಡ್ಡ ಹಿಡಿಯಿರಿ.

ಎಚ್ಚರ: ತೋಟದಿಂದ ಎಲೆ ತರುವವರು ನೀವೇ ಆಗಿರಲಿ, "ನಿಮಗೆ ಸಿಕ್ಕಿದ್ದು ತನ್ನಿ" ಎಂದು ಮಕ್ಕಳನ್ನು ಕಳಿಸಬೇಡಿ. ನಸುಗುನ್ನಿ ಕಾಯಿ ವೆಲ್ವೆಟ್ಟಿನಂತೆ ಮಿರುಗುತ್ತದೆ, ಸವರಿದರೆ ಮೈಯೆಲ್ಲ ತುರಿಕೆ. ಕೆಸುವಿನ ದಂಟಿನ ರಸವೂ ಕೆರೆಸುತ್ತದೆ. ಮೈಲುತುತ್ತು, ಸುಣ್ಣದ ಬೋರ್ಡೋ ಮಿಶ್ರಣ ಸಿಂಪಡಿಸಿದ ಕಾಫಿ ಗಿಡದ ಮತ್ತು ಮೆಣಸಿನ ಬಳ್ಳಿಯ ಎಲೆಗಳಲ್ಲಿ ನೀಲಿ ಕಲೆ ಉಳಿದಿರುತ್ತದೆ, ಅವನ್ನು ಮುಟ್ಟಿಸಬೇಡಿ. ತಂದದ್ದನ್ನೆಲ್ಲ ಒಮ್ಮೆ ಕೊಡವಿ. ಜಿಗಣೆ ಚೀಲದಿಂದ ಹೊರಬಂದರೆ ಆ ದಿನದ ಪಾಠ ಜಿಗಣೆಯದೇ ಆಗುತ್ತದೆ.

ಹಂತ 4: ಕಿವಿ

ಇದಕ್ಕೆ ಮಳೆಗಿಂತ ಒಳ್ಳೆಯ ಸಲಕರಣೆ ಇಲ್ಲ. ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ. ಹೆಂಚಿನ ಮೇಲೆ ಬೀಳುವ ಮಳೆ, ತಗಡಿನ ಮೇಲೆ ಬೀಳುವ ಮಳೆ, ಬಾಳೆಲೆಯ ಮೇಲಿನದು, ಕವುಚಿಟ್ಟ ಬಕೆಟಿನ ಮೇಲಿನದು. ಯಾವುದು ಯಾವ ಕಡೆಯಿಂದ ಬರುತ್ತಿದೆ ಎಂದು ಕೈ ತೋರಿಸಲಿ. "ಮಳೆಯ ಸದ್ದು" ಎಂಬ ಉತ್ತರವನ್ನು ಒಪ್ಪಬೇಡಿ. ಪಟಪಟವೋ, ತೊಟತೊಟವೋ, ಜರ್ರನೆಯೋ, ಸೋಯೆಂದೋ? ಅನುಕರಣ ಪದಗಳಲ್ಲಿ ಕನ್ನಡದ ಸಿರಿ ದೊಡ್ಡದು, ಇಲ್ಲದ್ದನ್ನು ಮಕ್ಕಳೇ ಹುಟ್ಟಿಸುತ್ತಾರೆ.

ಡಬ್ಬಿಗಳ ಜೋಡಿ ಆಟ ಮರುದಿನಕ್ಕೆ. ಎರಡೆರಡು ಡಬ್ಬಿಗಳಲ್ಲಿ ಒಂದೇ ಪ್ರಮಾಣದ ಅಕ್ಕಿ, ಒಣ ಕಾಫಿ ಬೀಜ, ಮರಳು, ಒಂದೇ ಒಂದು ಕಲ್ಲು. ಕೊನೆಯ ಜೋಡಿ ಖಾಲಿ. ಮುಚ್ಚಳಕ್ಕೆ ಗಟ್ಟಿಯಾಗಿ ಟೇಪು ಸುತ್ತಿ. ಅಲ್ಲಾಡಿಸಿ ಜೋಡಿ ಹುಡುಕಬೇಕು. ಖಾಲಿ ಡಬ್ಬಿಯನ್ನು ತಪ್ಪಿಸಬೇಡಿ, ಸದ್ದಿಲ್ಲ ಎಂಬುದನ್ನು ಕೇಳಿಸಿಕೊಳ್ಳುವುದೂ ಇಲ್ಲಿ ಒಂದು ಉತ್ತರ. ಅರ್ಧದಷ್ಟು ಮಾತ್ರ ತುಂಬಿಸಿ. ಕಂಠಮಟ್ಟ ತುಂಬಿದ ಡಬ್ಬಿಯಲ್ಲಿ ಬೀಜ ಕದಲುವುದಿಲ್ಲ, ಸದ್ದೂ ಬರುವುದಿಲ್ಲ. ಎಷ್ಟೋ ಜನ ಇದೊಂದರಿಂದಲೇ ಸೋತಿದ್ದಾರೆ.

ಯಾರದಾದರೂ ಮನೆಯಲ್ಲಿ ದುಡಿ ಇದ್ದರೆ ತರಿಸಿ. ದುಡಿಯ ಚರ್ಮಕ್ಕೆ ಬೆರಳು ತಾಗಿಸಿ ಬಾರಿಸಿದರೆ ಸದ್ದೆಂದರೆ ನಡುಕ ಎಂಬುದು ಬೆರಳಿಗೇ ತಿಳಿಯುತ್ತದೆ. ಮಳೆ ನಿಂತ ಬೆಳಿಗ್ಗೆ ಅಂಗಳದಲ್ಲಿ ಎರಡು ನಿಮಿಷ ಮೌನ. ಕುಟ್ರುಹಕ್ಕಿ, ದೂರದ ಬಸ್ಸಿನ ಹಾರ್ನ್, ಯಾರದೋ ಮನೆಯ ಕುಕ್ಕರಿನ ಸೀಟಿ. ಕೇಳಿಸಿದ್ದಕ್ಕೆಲ್ಲ ಒಂದೊಂದು ಬೆರಳು ಮಡಚಲಿ. ಮೂರು ವರ್ಷದವರಿಂದ ಎರಡು ನಿಮಿಷ ಕೇಳಬೇಡಿ, ಮೂವತ್ತು ಸೆಕೆಂಡೇ ಹೆಚ್ಚು.

ಎಚ್ಚರ: ಕಿವಿಯ ಹತ್ತಿರ ಗಂಟೆ ಬಾರಿಸುವುದು, ಸೀಟಿ ಊದುವುದು ಬೇಡ. ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಒತ್ತಾಯಿಸಬೇಡಿ, ದೂರ ಕೂರಲು ಬಿಡಿ.

ಹಂತ 5: ಮೂಗು

ಐದು ಡಬ್ಬಿಗಳಲ್ಲಿ ವಾಸನೆಯ ಪದಾರ್ಥ ಹಾಕಿ, ಬಾಯಿಗೆ ಮಲ್ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಜಜ್ಜಿದ ಏಲಕ್ಕಿ, ಹುರಿದ ಕಾಫಿ ಪುಡಿ, ಕಿತ್ತಳೆ ಸಿಪ್ಪೆ, ಜಜ್ಜಿದ ಶುಂಠಿ, ಬೆಳ್ಳುಳ್ಳಿ. ಪದಾರ್ಥಗಳನ್ನು ಆಗಲೇ ಜಜ್ಜಬೇಕು, ಹಿಂದಿನ ರಾತ್ರಿ ತಯಾರಿಸಿಟ್ಟ ಡಬ್ಬಿಗಳೆಲ್ಲ ಬೆಳಿಗ್ಗೆ ಬೆಳ್ಳುಳ್ಳಿಯ ವಾಸನೆಯನ್ನೇ ಹೊಡೆಯುತ್ತವೆ.

ಮೂಸುವುದನ್ನೂ ಕಲಿಸಬೇಕಾಗುತ್ತದೆ ಎಂದರೆ ನಗಬೇಡಿ. "ಮೂಸು" ಎಂದಾಗ ಅನೇಕ ಮಕ್ಕಳು ಉಸಿರನ್ನು ಹೊರಗೆ ಊದುತ್ತಾರೆ. ಬಾಯಿ ಮುಚ್ಚಿ, ಮೂಗಿನಲ್ಲಿ ಪುಟ್ಟಪುಟ್ಟದಾಗಿ ಎರಡು ಸಲ ಎಳೆದುಕೊಳ್ಳುವುದನ್ನು ಖಾಲಿ ಡಬ್ಬಿಯ ಮೇಲೆ ಮೊದಲು ಅಭ್ಯಾಸ ಮಾಡಿಸಿ. ನಾಯಿ ಮೂಸುವ ಹಾಗೆ ಎಂದರೆ ತಕ್ಷಣ ಬರುತ್ತದೆ.

ಒಂದು ಸಲಕ್ಕೆ ಮೂರು ವಾಸನೆ ಸಾಕು. ಅದಕ್ಕಿಂತ ಹೆಚ್ಚಾದರೆ ಮೂಗು ಒಗ್ಗಿಹೋಗಿ ಎಲ್ಲವೂ ಒಂದೇ ಎನಿಸುತ್ತದೆ. ನಡುವೆ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎಂದು ಸುಗಂಧದ ಅಂಗಡಿಯವರು ಹೇಳುತ್ತಾರೆ. ಕಾಫಿಯ ನಾಡಿನವಳಾಗಿ ಇದನ್ನು ಒಪ್ಪಲು ಆಸೆಯಿದ್ದರೂ, ಪರೀಕ್ಷಿಸಿದಾಗ ಬರಿ ಗಾಳಿಗಿಂತ ಅದು ಹೆಚ್ಚೇನೂ ಮಾಡುವುದಿಲ್ಲವೆಂದು ಕಂಡಿದೆ. ಅಂಗಳಕ್ಕೆ ಒಂದು ಸುತ್ತು ಹೋಗಿ ಬನ್ನಿ, ಸಾಕು.

ಮಕ್ಕಳಿಗೆ ವಾಸನೆಯ ಪದಗಳು ಎರಡೇ ಗೊತ್ತಿರುತ್ತವೆ: ಒಳ್ಳೆಯದು, ಕೆಟ್ಟದ್ದು. ಆ ಎರಡರಾಚೆಗೆ ಕರೆದೊಯ್ಯುವುದೇ ಈ ವಾರದ ಕೆಲಸ. ಹುರಿದದ್ದರ ಘಮ, ಸೀದ ವಾಸನೆ, ಕಮಟು, ಹಸಿ ವಾಸನೆ, ಮಣ್ಣಿನ ವಾಸನೆ. ಆಗಸ್ಟಿನಲ್ಲಿ ಒಣಗದ ಸ್ವೆಟರಿನ ಮುಗ್ಗಲು ವಾಸನೆಯನ್ನು ಕೊಡಗಿನ ಮಕ್ಕಳಿಗೆ ಹೇಳಿಕೊಡಬೇಕೆ! ಅದನ್ನು ಪದದೊಂದಿಗೆ ಕೂಡಿಸಿದರಾಯಿತು. ಹಸಿರು ಕಾಫಿ ಬೀಜವನ್ನೂ ಹುರಿದ ಬೀಜವನ್ನೂ ಒಂದಾದ ಮೇಲೊಂದು ಮೂಸಿಸಿ. ಎರಡೂ ಒಂದೇ ಬೀಜ ಎಂದರೆ ಐದು ವರ್ಷದವರು ನಂಬುವುದಿಲ್ಲ, ಆಗ ಅವರೆದುರೇ ಸ್ವಲ್ಪ ಹುರಿಯಿರಿ.

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ, ಯಾವ ಪಾಠ ನಡೆಯುತ್ತಿದ್ದರೂ ನಿಲ್ಲಿಸಿ ಮಕ್ಕಳನ್ನು ತೋಟದ ಅಂಚಿಗೆ ಕರೆದೊಯ್ಯಿರಿ. ಆ ಪರಿಮಳ ಇರುವುದು ಕೆಲವೇ ದಿನ.

ಎಚ್ಚರ: ಕರ್ಪೂರ, ನುಸಿಗುಳಿಗೆ, ನೀಲಗಿರಿ ಎಣ್ಣೆ, ಫಿನಾಯಿಲ್, ಸೀಮೆಎಣ್ಣೆ ಈ ಆಟಕ್ಕೆ ಸೇರಲೇಬಾರದು. ಕರ್ಪೂರದ ಚೂರು ನುಂಗಿದರೂ ನಿಮಿಷಗಳಲ್ಲಿ ಮಗುವಿಗೆ ಅಪಸ್ಮಾರದಂಥ ಸೆಳೆತ ಬರಬಹುದು. ಮೆಣಸಿನ ಪುಡಿಯೂ ಬೇಡ, ಇಡಿ ಕಾಳನ್ನು ಬಟ್ಟೆಯೊಳಗೆ ಕಟ್ಟಿ ಕೊಡಬಹುದು.

ಕಾಳು ಮೂಗಿಗೆ ಹೋಗುವುದು ಈ ವಾರದ ದೊಡ್ಡ ಅಪಾಯ. ನನ್ನ ಗುಂಪಿನಲ್ಲೇ ಒಬ್ಬ ಹುಡುಗ ನೆನೆಸಿದ ಬಟಾಣಿಯನ್ನು ಮೂಗಿಗೇರಿಸಿದ್ದ. ಬೆರಳಿನಿಂದ ತೆಗೆಯಲು ಹೋಗಿ ಇನ್ನಷ್ಟು ಒಳಗೆ ತಳ್ಳಿದವಳು ನಾನೇ. ಪಿನ್ನು, ಕಡ್ಡಿ, ಬೆರಳು ಯಾವುದೂ ಬೇಡ. ಕಿವಿಗೆ ಹೋಗಿದ್ದರೆ ನೀರನ್ನೂ ಹಾಕಬೇಡಿ, ಕಾಳು ಊದಿಕೊಳ್ಳುತ್ತದೆ. ನೇರ ವೈದ್ಯರ ಬಳಿಗೆ ಹೋಗಿ. ಯಾವ ಮಗುವೂ ಹೇಳದಿದ್ದರೂ, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಅನುಮಾನಿಸಿ.

ಹಂತ 6: ನಾಲಿಗೆ

ಮೊದಲು ಪಾಲಕರನ್ನು ಕೇಳಿ: ಕಡಲೆಕಾಯಿ, ಹಾಲು, ಯಾವುದಾದರೂ ಹಣ್ಣು ಈ ಮಗುವಿಗೆ ಆಗದೇ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಕೈ ತೊಳೆಸಿ. ಚಮಚ ಮಗುವಿಗೊಂದು, ಯಾರದೂ ಯಾರಿಗೂ ಹೋಗಬಾರದು. ಊಟವಾದ ತಕ್ಷಣ ಬೇಡ, ಖಾಲಿ ಹೊಟ್ಟೆಯಲ್ಲೂ ಬೇಡ.

ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ ಎಂದು ತೋರಿಸುವ ನಕ್ಷೆ ಈಗಲೂ ಕೆಲವು ಗೋಡೆಗಳ ಮೇಲಿದೆ. ಅದು ತಪ್ಪು. 1901ರ ಜರ್ಮನ್ ಲೇಖನವೊಂದನ್ನು ಮುಂದೆ ಯಾರೋ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರಿಂದ ಹಬ್ಬಿದ್ದು. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ರುಚಿಮೊಗ್ಗುಗಳಿರುವ ಭಾಗಗಳಲ್ಲೂ ತಿಳಿಯುತ್ತವೆ. ಆ ನಕ್ಷೆಯನ್ನು ಇಳಿಸಿ.

ಬಾಳೆಲೆಯ ಮೇಲೆ ಹನಿ ಅಥವಾ ಚಿಟಿಕೆಯಷ್ಟು ಬಡಿಸಿ, ಈ ಕ್ರಮದಲ್ಲಿ: ಬೆಲ್ಲ, ಉಪ್ಪು, ಹುಳಿ, ಒಗರು, ಕೊನೆಗೆ ಕಹಿ. ಕಹಿ ಮೊದಲು ಬಂದರೆ ಮುಂದಿನದಕ್ಕೆ ಯಾವ ಮಗುವೂ ಬಾಯಿ ತೆರೆಯುವುದಿಲ್ಲ. ಹುಳಿಗೆ ಕಾಚಂಪುಳಿ ಇದೆ, ಆದರೆ ಅದು ಬತ್ತಿಸಿದ ರಸ, ಬಲು ಗಡಸು. ಒಂದು ಲೋಟ ನೀರಿಗೆ ನಾಲ್ಕೈದು ಹನಿ ಹಾಕಿ, ಅದರಲ್ಲಿ ಒಂದು ಚಮಚ ಮಾತ್ರ. ಒಗರಿಗೆ ಬೆಟ್ಟದ ನೆಲ್ಲಿಕಾಯಿಯ ತೆಳು ಚೂರು. ಕಹಿಗೆ ಮೆಂತ್ಯ ನೆನೆಸಿದ ನೀರು. ಒಂದೊಂದರ ನಡುವೆ ಗುಟುಕು ನೀರು ಕುಡಿಯಲಿ. ನೆಲ್ಲಿಕಾಯಿ ತಿಂದ ಮೇಲೆ ಕುಡಿದ ನೀರು ಸಿಹಿಯಾಗುತ್ತದೆ. ನೀರಿಗೆ ಯಾರು ಸಕ್ಕರೆ ಹಾಕಿದರೆಂದು ಲೋಟದೊಳಗೆ ಇಣುಕುವ ಮಕ್ಕಳಿಗಾಗಿಯಾದರೂ ಇದನ್ನು ಬಿಡಬೇಡಿ.

ನಮ್ಮ ಷಡ್ರಸಗಳಲ್ಲಿ ಖಾರ, ಒಗರು ಎರಡೂ ಸೇರಿವೆ. ವಿಜ್ಞಾನದ ಪುಸ್ತಕದಲ್ಲಿ ಅವು ರುಚಿಗಳ ಸಾಲಿನಲ್ಲಿಲ್ಲ. ಮೆಣಸಿನಕಾಯಿ ಎಬ್ಬಿಸುವುದು ಉರಿ, ಬಿಸಿ ಮತ್ತು ನೋವನ್ನು ತಿಳಿಯುವ ನರಗಳ ಮೂಲಕ. ಅದಕ್ಕೇ ಮೆಣಸು ಹೆಚ್ಚಿದ ಕೈಯಿಂದ ಕಣ್ಣುಜ್ಜಿದರೆ ಕಣ್ಣಿಗೂ "ಖಾರ" ತಿಳಿಯುತ್ತದೆ. ಒಗರು ಎಂದರೆ ಬಾಯಿ ಬಿಗಿದುಕೊಂಡ ಅನುಭವ, ಅದು ಸ್ಪರ್ಶಕ್ಕೆ ಹತ್ತಿರ. ಮಕ್ಕಳ ಮುಂದೆ ಈ ವಾದ ಬೇಡ. ಆರು ವರ್ಷದ ಯಾರಾದರೂ "ಖಾರ ಮುಟ್ಟಿದ ಹಾಗಿದೆ" ಎಂದರೆ ಬೆನ್ನು ತಟ್ಟಿ. ಜೀರಿಗೆ ಮೆಣಸನ್ನು ಮಾತ್ರ ಚಾಪೆಯ ಹತ್ತಿರವೂ ತರಬೇಡಿ.

ಇನ್ನು, ಮೂಗು ಮೊದಲು, ನಾಲಿಗೆ ಆಮೇಲೆ ಎಂದದ್ದೇಕೆ? ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ಸಕ್ಕರೆಗೆ ಏಲಕ್ಕಿ ಪುಡಿ ಬೆರೆಸಿ. ಮಗು ತನ್ನ ಮೂಗನ್ನು ತಾನೇ ಬೆರಳಿನಿಂದ ಹಿಡಿದುಕೊಳ್ಳಲಿ. ನಾಲಿಗೆಗೆ ಚಿಟಿಕೆ ಹಾಕಿ, "ಏನು?" ಎಂದು ಕೇಳಿ. ಸಿಹಿ ಎನ್ನುತ್ತದೆ, ಅಷ್ಟೇ. ಈಗ ಮೂಗು ಬಿಡಲಿ. ಏಲಕ್ಕಿ ಎಲ್ಲಿಂದಲೋ ಧುತ್ತೆಂದು ಬಾಯಿಗೆ ಬರುತ್ತದೆ. ನನ್ನ ಮಟ್ಟಿಗೆ ಈ ಇಡೀ ಕ್ರಮದಲ್ಲಿ ಇದಕ್ಕಿಂತ ಒಳ್ಳೆಯ ಚಟುವಟಿಕೆ ಇಲ್ಲ. ಮೂಗಿನ ವಾರ ಮುಗಿಸದ ಮಕ್ಕಳಿಗೆ ಇದು ಬರಿ ಸಕ್ಕರೆ ತಿನ್ನುವ ಆಟ. ಶೀತವಾದ ಮಗುವಿದ್ದರೆ ಅದಕ್ಕೆ ಇನ್ನೊಂದು ದಿನ ಮಾಡಿಸಿ.

ಎಚ್ಚರ: ಇಡೀ ಕಡಲೆಕಾಯಿ, ಇಡೀ ದ್ರಾಕ್ಷಿ, ಕಾಳುಗಳು ಗಂಟಲಿಗೆ ಸಿಕ್ಕುತ್ತವೆ. ಏನೇ ಕೊಟ್ಟರೂ ಕೂತೇ ತಿನ್ನಬೇಕು, ಓಡಾಡುತ್ತಾ ಅಲ್ಲ. ಜೇನು ಕೊಡುವುದಾದರೆ ಅಕ್ಕನ ಜೊತೆ ಬಂದು ಕೂತ ಪುಟ್ಟ ತಮ್ಮನ ಮೇಲೆ ಕಣ್ಣಿರಲಿ, ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಬೇಡವೆಂದ ಮಗುವಿನ ಬಾಯಿಗೆ ತುರುಕಬೇಡಿ. ಮೂಸಿ ಬಿಟ್ಟರೂ ಅದು ಭಾಗವಹಿಸಿದಂತೆಯೇ. ಕೊನೆಯದಾಗಿ, ನಿಯಮವೊಂದನ್ನು ದಿನವೂ ಜೋರಾಗಿ ಹೇಳಿಸಿ: "ದೊಡ್ಡವರು ಕೊಡದೆ ಬಾಯಿಗೆ ಹಾಕುವುದಿಲ್ಲ." ತೋಟದಂಚಿನಲ್ಲಿ ದತ್ತೂರ, ಕಣಗಿಲೆ ಬೆಳೆಯುವ ಊರಿನಲ್ಲಿ ರುಚಿಯ ಪಾಠವನ್ನು ಈ ನಿಯಮವಿಲ್ಲದೆ ಮಾಡಬಾರದು.

ಹಂತ 7: ಕಣ್ಣು

ಇಷ್ಟು ದಿನ ಮೂಲೆಯಲ್ಲಿದ್ದ ಕಣ್ಣು ಈಗ ಬರಲಿ, ಆದರೆ ಬಣ್ಣಗಳ ಹೆಸರು ಹೇಳಿಸಲು ಅಲ್ಲ. ಹತ್ತು ಬಗೆಯ ಎಲೆ ತನ್ನಿ, ಎಲ್ಲವೂ ಹಸಿರೇ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಸಾಲಾಗಿ ಜೋಡಿಸಲಿ. ಮಕ್ಕಳು ಜಗಳವಾಡುತ್ತಾರೆ, ಆಡಲಿ.

ಕೊಡವರ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಪಾಯಸಕ್ಕೆ ಬಳಸುವ ಮದ್ದು ಸೊಪ್ಪು ಸಿಕ್ಕಿದರೆ, ಯಾವ ವಾರದ ಪಾಠ ನಡೆಯುತ್ತಿದ್ದರೂ ಬಿಡಬೇಡಿ. ಹಸಿರು ಸೊಪ್ಪನ್ನು ಕುದಿಸಿದ ನೀರು ಕಡು ನೇರಳೆಯಾಗುವುದನ್ನು ಬಾಯಿ ತೆರೆದು ನೋಡುತ್ತಾರೆ. ಆ ನೀರಿನ ಪಾಯಸ ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಹೊರಗಿನಿಂದ ಬಂದ ಕುಟುಂಬಗಳಿಗೆ ಮೊದಲೇ ಹೇಳಿಡದಿದ್ದರೆ ಬೆಳಿಗ್ಗೆ ಏಳಕ್ಕೇ ಫೋನ್ ಬರುತ್ತದೆ.

ಇಬ್ಬಿಬ್ಬರು ಎದುರುಬದುರು ಕೂತು, ಅರೆಗತ್ತಲ ಕೋಣೆಯಲ್ಲಿ ಒಬ್ಬರ ಕಣ್ಣಿನ ಕರಿ ಚುಕ್ಕೆಯನ್ನು ಇನ್ನೊಬ್ಬರು ನೋಡಲಿ. ಆಮೇಲೆ ಕಿಟಕಿ ತೆರೆಯಿರಿ. ಚುಕ್ಕೆ ಕಿರಿದಾಗುತ್ತದೆ. ಟಾರ್ಚ್ ಬೇಡ, ಕಿಟಕಿಯ ಬೆಳಕು ಸಾಕು. ಎರಡು ಪೆನ್ಸಿಲ್‌ಗಳ ಮೊಂಡು ತುದಿಗಳನ್ನು ಒಂದು ಕಣ್ಣು ಮುಚ್ಚಿ ಕೂಡಿಸುವ ಆಟ ಐದು ದಾಟಿದವರಿಗೆ. ಒಂದೇ ಕಣ್ಣಿನಲ್ಲಿ ದೂರದ ಅಂದಾಜು ತಪ್ಪುತ್ತದೆ.

ಎಚ್ಚರ: ಭೂತಗನ್ನಡಿ ಕೊಟ್ಟರೆ ನೆರಳಿನಲ್ಲೇ ಕೊಡಿ. ಅದರಲ್ಲಾಗಲಿ ಬರಿಗಣ್ಣಿನಲ್ಲಾಗಲಿ ಸೂರ್ಯನನ್ನು ನೋಡಿದರೆ ಆಗುವ ಹಾನಿ ವಾಸಿಯಾಗದೆ ಉಳಿಯಬಹುದು.

ಹಂತ 8: ಕೆಲವು ಸೂಚನೆಗಳನ್ನು ಬರೆದಿಟ್ಟುಕೊಳ್ಳಿ

ಐದು ವಾರ ಹತ್ತಿರದಿಂದ ಗಮನಿಸಿದಾಗ ಬೇರೆ ಸಂಗತಿಗಳೂ ಕಾಣುತ್ತವೆ. ಹಿಂದಿನಿಂದ ಹೆಸರು ಕರೆದರೆ ತಿರುಗದ ಮಗು, ಎಲ್ಲದಕ್ಕೂ "ಆಂ?" ಎನ್ನುವ ಮಗು ಹಟಮಾರಿಯೇ ಆಗಿರಬೇಕಿಲ್ಲ. ಶೀತ ಪದೇಪದೇ ಬಂದು ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡಿದ್ದರೆ ಕೇಳಿಸುವುದು ಮಂದವಾಗುತ್ತದೆ. ಚಿತ್ರವನ್ನು ಮೂಗಿಗೆ ತಾಗಿಸಿ ನೋಡುವುದು, ತಲೆ ಓರೆ ಮಾಡುವುದು, ಒಂದು ಕಣ್ಣು ಬೇರೆಡೆ ತಿರುಗಿರುವುದು, ಫೋಟೊದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಾಣುವುದು, ಇವುಗಳನ್ನು ತಡಮಾಡದೆ ತೋರಿಸಬೇಕು. ಅಂಟು, ಹಿಟ್ಟು, ಸಣ್ಣ ಸದ್ದಿಗೂ ಪ್ರತಿ ಸಲವೂ ತೀವ್ರವಾಗಿ ಒದ್ದಾಡುವ ಮಗುವಿನ ಬಗೆಗೂ ವೈದ್ಯರ ಅಭಿಪ್ರಾಯ ಕೇಳಿ. ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಯಾವ ದಿನ, ಏನು ಕಂಡಿತು ಎಂದು ಬರೆದಿಡುವುದು ನಮ್ಮ ಕೆಲಸ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಈ ಚೀಟಿ ಕೈಯಲ್ಲಿರಲಿ.

ಹಂತ 9: ಒಂದು ಕಿತ್ತಳೆ, ಒಂದು ಚಿತ್ರಪಟ, ಒಂದು ಡಬ್ಬಿ

ಆರನೇ ವಾರ ಮಗುವಿಗೊಂದು ಕಿತ್ತಳೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಪುಟ್ಟ ಬೆರಳಿಗೂ ಬಿಡಿಸಲು ಬರುತ್ತದೆ. ಚೀಲದೊಳಗೇ ಸವರಲಿ, ಸಿಪ್ಪೆ ಹರಿಯುವ ಸದ್ದಿಗೆ ಕಿವಿಗೊಡಲಿ, ಮೂಸಲಿ, ಬೀಜ ತೆಗೆದ ತೊಳೆಯನ್ನು ತಿನ್ನಲಿ, ಉಳಿದದ್ದನ್ನು ಹೊರಗೆ ತೆಗೆದು ನೋಡಲಿ. ಸಿಪ್ಪೆ ಹಿಂಡುವಾಗ ರಸ ಕಣ್ಣಿಗೆ ಚಿಮ್ಮದಂತೆ ದೂರ ಹಿಡಿಸಿ.

ಈಗ ಚಿತ್ರಪಟ ತೂಗುಹಾಕಿ. ಕಣ್ಣು, ಕಿವಿ, ಮೂಗು ಎಂದು ನೀವು ಬೆರಳಿಡುವ ಮೊದಲೇ ಮಕ್ಕಳು ತಾವು ಮಾಡಿದ್ದನ್ನೆಲ್ಲ ಒದರಲು ಶುರು ಮಾಡಿರುತ್ತಾರೆ.

ಮರುದಿನ ಮುಚ್ಚಿದ ಡಬ್ಬಿ. ಒಳಗೆ ಐದಾರು ಒಣ ಏಲಕ್ಕಿ, ಮುಚ್ಚಳದಲ್ಲಿ ಸೂಜಿಯ ಸಣ್ಣ ತೂತುಗಳು. ಒಬ್ಬೊಬ್ಬರಿಗೇ ಕೊಡಿ, ಬೇರೆಯವರ ಮುಂದೆ ಬೇಡ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕೈ ಏನು ಮಾಡಿತು ಎಂಬುದನ್ನು ಗಮನಿಸಿ. ಅಲ್ಲಾಡಿಸಿತೇ? ಮೂಗಿನ ಬಳಿ ಒಯ್ದಿತೇ? ತೂಗಿತೇ? ಇವುಗಳಲ್ಲಿ ಎರಡನ್ನು ತಾನಾಗಿಯೇ ಮಾಡಿದರೆ ಆ ಮಗು ದಾಟಿತು. ಡಬ್ಬಿ ಹಿಡಿದು ನಿಮ್ಮ ಮುಖವನ್ನೇ ನೋಡಿದರೆ ಗುಟ್ಟಿನ ಚೀಲಕ್ಕೆ ಹಿಂದಿರುಗಿ, ಹಳೆಯ ಮೂರು ವಸ್ತುಗಳನ್ನು ಬದಲಿಸಿ.